ಕತ್ತಿ ಸಾಲಿನ ಹಿಂದೆ ಬೇಸ್ ಪೆಟ್ಟಿಗೆ

ಕುನ್ನತ್ತೂರು
24-8-1986

ವೆಲ್ಲಿಂಗಿರಿ ಅಣ್ಣನಿಗೆ ನಿನ್ನ ತಂಗಿ ಸೌಡಾಳ ನಮಸ್ಕಾರ.

ಕುಟ್ಟಿ ಚೆನ್ನಾಗಿದ್ದಾನೆ. ಅವನು ನಿದ್ದೆ ಮಾಡುವುದಿಲ್ಲ, ಮಾಡಿದಾಗ ನನಗೆ ನಿದ್ದೆ ಬರುವುದಿಲ್ಲ. ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ಕೂತಿರುತ್ತೇನೆ. "ಊರಲ್ಲಿ ನೀನೊಬ್ಬಳೇನಾ ಹೆತ್ತಿರೋದು?" ಎಂದು ಅತ್ತೆ ಜಾನಮ್ಮ ದಿನಕ್ಕೊಂದು ಸಲ ಕೇಳುತ್ತಾರೆ.

ನೀನು ಕಟ್ಟಿಕೊಟ್ಟ ಎರಡು ಬೇಸ್ ಪೆಟ್ಟಿಗೆಗಳು ಮೊನ್ನೆ ಬಂದವು. ಇವರು ಕರ್ಪೂರ ಹಚ್ಚಿ, ಮಗ್ಗದ ಕೊಟ್ಟಿಗೆಯಲ್ಲೇ ಇಟ್ಟು, ಲಿಂಗಸಾಮಿಯನ್ನು ಕರೆದು ಅವನ ಡೋಲಿಗೆ ಮೈಕ್ ಹಿಡಿಸಿ ಬಾರಿಸಲು ಹೇಳಿದರು. ಮೊದಲ ಏಟಿಗೆ ಮಾಡಿನಿಂದ ಹೆಂಚು ಬಿತ್ತು. ಎರಡನೆಯದಕ್ಕೆ ಮಗ್ಗದ ಮೇಲಿನ ಹಾಸಿನ ಎಳೆಗಳು ಪಟಪಟ ಹರಿದವು. ನನ್ನ ಸೊಂಟದ ಮೇಲಿದ್ದ ಕುಟ್ಟಿ ಮೈಯೆಲ್ಲ ಸೆಟೆದು ಬಾಯಿ ತೆರೆದ. ಅಳು ಹೊರಗೆ ಬರಲು ಎಷ್ಟು ಹೊತ್ತು ಹಿಡಿಯಿತೆಂದರೆ ನಾನು ಅವನ ಬೆನ್ನಿಗೆ ಹೊಡೆದೆ. ಇವರು ನಗುತ್ತಿದ್ದರು. "ಹೆಂಗಿದೆ ನಮ್ಮ ಮಚ್ಚಾನ್ ಪೆಟ್ಟಿ! ತಾಯಿ ಗುಡಿಯಿಂದ ತಾನೇ ಎದ್ದು ಬರ್ತಾಳೆ!"

ವಿಜಯದಶಮಿಗೆ ಸೌಡಮ್ಮ ದೇವಿಯ ಮುಂದೆ ಕತ್ತಿ ಹಾಕುವಾಗ ಈ ಸಲ ಡೋಲು ಈ ಪೆಟ್ಟಿಗೆಯಿಂದಲೇ ಕೇಳಿಸಬೇಕಂತೆ. ನನಗೆ ಆ ದಿನದಿಂದ ಒಂದೇ ಯೋಚನೆ. ಸಾಲಿನಲ್ಲಿ ನಿಂತ ಗಂಡಸರು ಪ್ರತಿ ಏಟಿಗೂ "ತೀಸ್ಕೋ ತಾಯೇ, ತಗೋ ತಾಯೇ" ಎಂದು ಕೂಗಿ ತಮ್ಮ ಎದೆ, ತಮ್ಮ ತೋಳಿನ ಮೇಲೆ ತಾವೇ ಕತ್ತಿ ಇಳಿಸುತ್ತಾರೆ. ಏಟು ಚೊಕ್ಕವಾಗಿ ಕೇಳಿಸಿದರೆ ಕತ್ತಿ ಚರ್ಮ ತಾಗಿ ಮೇಲೇಳುತ್ತದೆ. ಕೇಳಿಸದಿದ್ದರೆ?

ಇನ್ನೊಂದು ವಿಷಯ ನಿನಗೆ ಹೇಳಿರಲಿಲ್ಲ. ನನ್ನ ಹೆರಿಗೆ ಕಷ್ಟವಾದಾಗ ಇವರು ಒಂದು ಹರಕೆ ಹೊತ್ತರು. ಮಗು ಉಳಿದರೆ ಎಡಗೈಯಲ್ಲಿ ಅದನ್ನು ಎತ್ತಿಕೊಂಡು ಬಲಗೈಯಲ್ಲಿ ಕತ್ತಿ ಹಾಕುತ್ತೇನೆ ಎಂದು. ಈ ಬೀದಿಯಲ್ಲಿ ಇದುವರೆಗೆ ಯಾರೂ ಹಾಗೆ ಮಾಡಿದವರಿಲ್ಲ. ಬೇಡ ಎಂದು ಹೇಳುವ ಧೈರ್ಯವೂ ಯಾರಿಗೂ ಇಲ್ಲ, ಹರಕೆಯಲ್ಲವೇ.

ಪೆಟ್ಟಿಗೆಯ ಜೊತೆ ಹುಲ್ಲಿನಲ್ಲಿ ಸುತ್ತಿದ ಒಂದು ತಗಡಿನ ಡಬ್ಬಿ ಇತ್ತು. ಇವರು ಅದನ್ನು ಮೂಲೆಗೆ ಎಸೆದಿದ್ದಾರೆ. ಅದು ಏನು? ಬೇಗ ಬರೆ. ಈ ಮನೆಯಲ್ಲಿ ಕನ್ನಡ ಆಡದವರಿಲ್ಲ, ಓದುವವರೂ ಇಲ್ಲ. ಅಪ್ಪ ನಮ್ಮಿಬ್ಬರಿಗೆ ಹಲಗೆ ಹಿಡಿಸಿದ್ದು ಒಳ್ಳೆಯದಾಯಿತು. ಮನಸ್ಸಿಗೆ ಬಂದದ್ದನ್ನು ಬರೆಯಬಹುದು.

ಸೌಡಾ


ಆರ್.ಎಸ್. ಪುರಂ, ಕೋಯಮತ್ತೂರು
29-8-1986

ಪ್ರೀತಿಯ ಸೌಡಾ,

ಡಬ್ಬಿಯನ್ನು ಎಸೆದ ಭಾವನಿಗೆ ಕೈ ಮುಗಿದು ನನ್ನ ದೊಡ್ಡ ಕುಂಬಿಡು! ಪೆಟ್ಟಿಗೆಯ ಪ್ರಾಣವೇ ಅದರಲ್ಲಿದೆ. ಅದು ಹೈ-ಪಾಸ್ ಫಿಲ್ಟರ್. ಮಿಕ್ಸರಿಗೂ ಆಂಪ್ಲಿಫೈಯರಿಗೂ ನಡುವೆ ಕೂರಬೇಕು. ದಪ್ಪ ದನಿಯನ್ನು ತಡೆದು ಮೇಲಿನ ದನಿಯನ್ನು ಮಾತ್ರ ಒಳಗೆ ಬಿಡುತ್ತದೆ.

ಹಾಗಾದರೆ ಬೇಸ್ ಎಲ್ಲಿಂದ ಬರುತ್ತದೆ ಎನ್ನುತ್ತೀಯ. ಈ ಪೆಟ್ಟಿಗೆಗಳ ಹೊಟ್ಟೆಯಲ್ಲಿ ಬೇಸಿಗೆಂದೇ ಬೇರೆ ಆಂಪ್ಲಿಫೈಯರ್ ಕೂರಿಸಿದ್ದೇನೆ. ಫಿಲ್ಟರ್ ಎಷ್ಟು ಕಡಿಮೆ ಮಾಡಿತೋ ಅಷ್ಟನ್ನೇ ಅದು ಮತ್ತೆ ಸೇರಿಸುತ್ತದೆ. ದೊಡ್ಡ ಆಂಪ್ಲಿಫೈಯರಿಗೆ ಭಾರ ಕಡಿಮೆ, ಡೋಲಿನ ಏಟು ಮೊಳೆ ಹೊಡೆದ ಹಾಗೆ ಕೇಳಿಸುತ್ತದೆ. ಡಬ್ಬಿ ಇಲ್ಲದಿದ್ದರೂ ಪೆಟ್ಟಿಗೆಗೆ ಅದು ಗೊತ್ತಾಗುವುದಿಲ್ಲ, ಸೇರಿಸುವುದನ್ನು ಸೇರಿಸಿಯೇ ಸೇರಿಸುತ್ತದೆ. ನಿಮ್ಮ ಹೆಂಚು ಬಿದ್ದದ್ದು ಅದಕ್ಕೇ.

ಒಳಗೆ ಇರುವುದು ಒಂದು ಕೆಪಾಸಿಟರ್, ಅಷ್ಟೇ. ನಾನು ಹಿಂದೆ ಕೊಟ್ಟ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಇನ್‌ಪುಟ್ಟಿಗೆ ಹೊಂದುವಂತೆ ಅದರ ಅಳತೆ ಲೆಕ್ಕ ಹಾಕಿ ಇಟ್ಟಿದ್ದೇನೆ. ಆ ಜೋಡಿಯನ್ನು ಬೇರೆ ಮಾಡಬೇಡಿ.

ಹರಕೆಯ ವಿಷಯ ಓದಿದೆ. ಆ ದಿನ ಬಂದಾಗ ಭಾವನೇ ಮಗುವನ್ನು ನಿನ್ನ ಕೈಗೆ ಕೊಟ್ಟುಬಿಡುತ್ತಾನೆ. ಮಾತಿನಲ್ಲಿ ಶೂರ, ಒಳಗೆ ಬೆಣ್ಣೆ. ಸುಮ್ಮನೆ ಹೆದರಿಕೊಂಡು ನಿದ್ದೆ ಕೆಡಬೇಡ.

ನಿನ್ನ ಅಣ್ಣ
ವೆಲ್ಲಿಂಗಿರಿ


ಕುನ್ನತ್ತೂರು
9-9-1986

ಅಣ್ಣ,

ನಿನ್ನ ಪಾಠ ಅರ್ಥವಾಯಿತು. ಸೊಸೆ ಹಾಕುತ್ತಾಳೆಂದು ಅತ್ತೆ ಸಾರಿಗೆ ಉಪ್ಪು ಹಾಕದೆ ಬಿಡುವುದು, ಸೊಸೆ ಸರಿಯಾಗಿ ಹಾಕುವುದು. ಅತ್ತೆ ಮರೆತು ಹಾಕಿಬಿಟ್ಟರೆ ಸಾರು ಬಾಯಿಗಿಡುವ ಹಾಗಿರುವುದಿಲ್ಲ. ನಮ್ಮ ಮನೆಯಲ್ಲಿ ದಿನವೂ ನಡೆಯುವುದೇ.

ಡಬ್ಬಿಯನ್ನು ಸಿಕ್ಕಿಸಿ ನೋಡಿದೆವು. ನೀನು ಹೇಳಿದ ಹಾಗೇ ಆಯಿತು. ಲಿಂಗಸಾಮಿಯ ಒಂದೊಂದು ಏಟೂ ಬೇರೆ ಬೇರೆಯಾಗಿ ನಿಂತು ಕೇಳಿಸಿತು. ಕುಟ್ಟಿ ಕೂಡ ತಿರುಗಿ ನೋಡಿದ, ಅಳಲಿಲ್ಲ.

ಆಮೇಲೆ ಆ ಡಬ್ಬಿ ಹಾಳಾಗಿಹೋಯಿತು. ಹೇಗೆ ಎಂದು ಕೇಳಬೇಡ. ಹೊಸ ಡಬ್ಬಿ ಬೇಡ, ಕೆಪಾಸಿಟರ್ ಒಂದನ್ನೇ ಲಕೋಟೆಯಲ್ಲಿ ಇಟ್ಟು ಕಳಿಸು, ಎಲ್ಲಿ ಬೆಸೆಯಬೇಕು ಎಂದು ಬರೆ. ಬೆಸುಗೆ ಕಡ್ಡಿ ಇಲ್ಲಿದೆ. ಕಾಲೇಜಿನ ಲ್ಯಾಬಿನಲ್ಲಿ ಬೆರಳು ಸುಟ್ಟುಕೊಂಡವಳು ನಾನು, ಇಷ್ಟು ಮಾಡಲಾರೆನೇ?

ಸಂಜೆಯ ಹೊತ್ತು ಕತ್ತಿ ಅಭ್ಯಾಸ ಶುರುವಾಗಿದೆ. ಮೈದುನ ಕಂದಸಾಮಿ ಈಗಲೇ ಎದೆಯ ಮೇಲೆ ಎರಡು ಗೀರು ಮಾಡಿಕೊಂಡು, ಅರಿಶಿನ ಮೆತ್ತಿಕೊಂಡು ಬೀದಿ ತುಂಬ ಓಡಾಡುತ್ತಿದ್ದಾನೆ. ಇವರು ಎಡಗೈಯಲ್ಲಿ ರಾಗಿ ಮೂಟೆ ಎತ್ತಿಕೊಂಡು ಅಭ್ಯಾಸ ಮಾಡುತ್ತಾರೆ. ಮೂಟೆ ಕುಟ್ಟಿಯಷ್ಟೇ ತೂಕ. ನಿನ್ನೆ ನೋಡಿದೆ, ಮೂಟೆಯ ಮೂಲೆ ಸೀಳಿ ರಾಗಿ ಸುರಿಯುತ್ತಿತ್ತು. ಕೋಳಿಗಳು ಬಂದು ತಿಂದವು.

ನನಗೆ ಹಲ್ಲುನೋವು, ಬಲಗೆನ್ನೆ ಊದಿದೆ. ಅದಕ್ಕೇ ಅಕ್ಷರ ಹೀಗಿದೆ.

ಸೌಡಾ


ಆರ್.ಎಸ್. ಪುರಂ
15-9-1986

ಸೌಡಾ,

ಕೆಪಾಸಿಟರ್ ಇದರ ಜೊತೆಗಿದೆ, ಹತ್ತಿಯಲ್ಲಿ ಸುತ್ತಿದ್ದೇನೆ. ಡಬ್ಬಿಯೂ ಬೇಡ, ಏನೂ ಬೇಡ. ಆಂಪ್ಲಿಫೈಯರಿಗೆ ಹೋಗುವ ವೈರಿನ ಪ್ಲಗ್ ಬಿಚ್ಚಿ, ನಡುವಿನ ತಂತಿಯನ್ನು ಕತ್ತರಿಸಿ ಅಲ್ಲಿ ಇದನ್ನು ಬೆಸೆ. ಪ್ಲಗ್ಗಿನೊಳಗೇ ಹಿಡಿಸುತ್ತದೆ.

ತಗಡಿನ ಡಬ್ಬಿಯನ್ನು ಹಾಳು ಮಾಡುವುದು ಹೇಗೆ ಎಂದು ನನಗಂತೂ ತಿಳಿಯಲಿಲ್ಲ. ಬಾವಿಗೆ ಬೀಳಿಸಿದೆಯಾ? ಸಣ್ಣವಳಿದ್ದಾಗಲೂ ನಿನ್ನ ಕೈಯಲ್ಲಿ ಲೋಟ ನಿಲ್ಲುತ್ತಿರಲಿಲ್ಲ. ಹಲ್ಲಿಗೆ ಲವಂಗ ಇಟ್ಟುಕೋ.

ಇಲ್ಲಿ ಹೋದ ವಾರ ಗಾಳಿ ಜೋರು. ಅಂಗಡಿಯ ಮುಂದಿನ ಗಾಜು ಒಡೆದುಹೋಯಿತು. ಒಂದು ಚೂರು ತುಟಿಗೆ ತಾಗಿ ಒಳಗೆ ಸ್ವಲ್ಪ ಹರಿದಿದೆ, ಹೆದರುವಂಥದ್ದಲ್ಲ. ಸಾರು ಆರಿಸಿ ಕುಡಿಯುತ್ತಿದ್ದೇನೆ.

ವೆಲ್ಲಿಂಗಿರಿ


ಕುನ್ನತ್ತೂರು
27-9-1986

ಅಣ್ಣ,

ಕೋಯಮತ್ತೂರಿನ ಗಾಳಿಯ ಹೆಸರು ದೇವರಾಜನ್ ಎಂದು ನಿನ್ನೆ ಊಟದ ಹೊತ್ತಿಗೆ ಗೊತ್ತಾಯಿತು.

ಇವರೇ ಹೇಳಿದರು, ನಗುತ್ತಾ, ತುತ್ತು ಕಲಸುತ್ತಾ. "ನಿಮ್ಮಣ್ಣ ಇದ್ದಾನಲ್ಲ, ಒಂದೇ ಏಟಿಗೆ ಬೊಂಬೆ ಥರ ಬಿದ್ದ. ಡಬ್ಬೀಲಿ ನನ್ನ ಬೇಸ್ ಕದ್ದು ಇಟ್ಟೋನು ಅವನು. ಡಬ್ಬಿ ಬೇಡದ ಪೆಟ್ಟಿ ಕೊಡುಡಾ ಅಂದ್ರೆ, ಭಾವಾ, ಲೆಕ್ಕ, ಗಿಕ್ಕ ಅಂತಾನೆ. ಗಾಜಿಗೇ ಅವನ ಮುಖ ಇಟ್ಟೆ."

ಕಂದಸಾಮಿ ನಕ್ಕ. ಅತ್ತೆ, "ಸಂಬಂಧಿಕರ ಮೇಲೆ ಕೈ ಮಾಡ್ತಾರೇನೋ ಮಗನೇ" ಎಂದು ಇವರ ಎಲೆಗೆ ಇನ್ನಷ್ಟು ಮೊಸರು ಬಡಿಸಿದರು.

ನೀನು ಮುಚ್ಚಿಟ್ಟೆ. ನಾನೂ ಮುಚ್ಚಿಟ್ಟೆ. ಇನ್ನು ಬೇಡ. ನನಗೆ ಹಲ್ಲುನೋವು ಇರಲಿಲ್ಲ. ಡಬ್ಬಿ ಸಿಕ್ಕಿಸಿದ ಮರುದಿನ, ದನಿ ಕಡಿಮೆಯಾಯಿತೆಂದು ಇವರು ಅದನ್ನು ನೆಲಕ್ಕೆ ಹಾಕಿ ಹಿಮ್ಮಡಿಯಲ್ಲಿ ತುಳಿದರು. ತಗಡು ರೊಟ್ಟಿಯ ಹಾಗೆ ಚಪ್ಪಟೆಯಾಯಿತು. ನಾನು ಅದನ್ನು ಎತ್ತಿಕೊಳ್ಳಲು ಬಗ್ಗಿದೆ. "ಬಿ.ಎಸ್ಸಿ. ಓದಿದ ಕೈ ಸಾರು ಕಲಕಲಿ, ನನ್ನ ಸೆಟ್ ಕಲಕೋದು ಬೇಡ" ಎಂದು ಹೊಡೆದರು. ಕುಟ್ಟಿ ನನ್ನ ಸೊಂಟದ ಮೇಲೇ ಇದ್ದ. ಕೈ ಅವನ ಕಿವಿಯ ಪಕ್ಕದಲ್ಲಿ ಹಾದು ಬಂತು.

ಆದರೆ ಇದನ್ನು ಕೇಳು. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನೀನು ಕಳಿಸಿದ್ದನ್ನು ಪ್ಲಗ್ಗಿನೊಳಗೆ ಬೆಸೆದೆ. ಕುಟ್ಟಿ ತೊಟ್ಟಿಲಿನಲ್ಲಿ ಕಾಲು ಬಾಯಿಗಿಟ್ಟುಕೊಂಡು ನೋಡುತ್ತಿದ್ದ. ಸಂಜೆ ಇವರು ಸೆಟ್ ಹಾಕಿದರು. ಏಟು ಮೊಳೆ ಹೊಡೆದ ಹಾಗೆ. "ನೋಡ್ದೇನೋ ಕಂದಾ, ಡಬ್ಬಿ ಹೋದ್ಮೇಲೆ ಹೆಂಗೆ ಪೇಸುತ್ತೆ, ಮಾತಾಡುತ್ತೆ!" ಎಂದು ತಮ್ಮನ ಬೆನ್ನು ತಟ್ಟಿದರು. ಡಬ್ಬಿ ಕಣ್ಣಿಗೆ ಕಾಣದಿದ್ದರೆ ಸಾಕು, ಇವರ ಕಿವಿಗೆ ಯಾವ ದೂರೂ ಇಲ್ಲ.

ಆ ಹೊತ್ತು ನಾನು ನಕ್ಕುಬಿಟ್ಟೆ. ಎಷ್ಟೋ ದಿನದ ಮೇಲೆ.

ಹರಕೆಯ ಬಗ್ಗೆ ಒಮ್ಮೆ ಮಾತೆತ್ತಿದೆ. ಗುಡಿಯ ಹಿರಿಯ ಗುರುಸಾಮಿಯವರ ಹತ್ತಿರವೂ ಹೋದೆ. "ದೇವಿ ಕೇಳಿದ್ದನ್ನ ದೇವೀನೇ ಬೇಡ ಅನ್ನಬೇಕು ಕಣ್ಣು, ಮಗಳೇ. ನಾನು ಯಾರು, ನೀನು ಯಾರು?" ಎಂದರು. ಒಳ್ಳೆಯ ಮನುಷ್ಯ. ಹೇಳುವಾಗ ಕಣ್ಣಲ್ಲಿ ನೀರಿತ್ತು.

ಸೌಡಾ


ಆರ್.ಎಸ್. ಪುರಂ
1-10-1986

ಸೌಡಾ,

ಮಗುವನ್ನು ಎತ್ತಿಕೊಂಡು ಬಂದುಬಿಡು. ಇಲ್ಲವೆಂದರೆ ನಾನೇ ಟ್ಯಾಕ್ಸಿ ಮಾಡಿಕೊಂಡು ಬರುತ್ತೇನೆ. ಒಂದು ಹಲ್ಲು ಹೋಗಿದೆ, ಉಳಿದವನ್ನೂ ಅವನು ತೆಗೆಯಲಿ, ನೋಡಿಕೊಳ್ಳೋಣ.

ಬರಲಾಗದಿದ್ದರೆ ಒಂದು ಕೆಲಸವನ್ನಾದರೂ ಮಾಡು. ವಿಜಯದಶಮಿಯವರೆಗೆ ಆ ಆಂಪ್ಲಿಫೈಯರನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಿ. ಫಿಲ್ಟರ್ ತಡೆಯುವುದು ಕೆಪಾಸಿಟರ್ ಒಂದರಿಂದ ಅಲ್ಲ, ಆಂಪ್ಲಿಫೈಯರಿನ ಇನ್‌ಪುಟ್ಟಿನ ಜೊತೆ ಸೇರಿ. ಬಯಲಿಗೆ ದನಿ ಸಾಲದೆಂದು ಅವನು ಹಳೆಯ ವಾಲ್ವ್ ಆಂಪ್ಲಿಫೈಯರ್ ಏನಾದರೂ ತಂದರೆ, ಅದರ ಇನ್‌ಪುಟ್ಟಿನ ತಡೆ ಎಷ್ಟೋ ಪಟ್ಟು ಹೆಚ್ಚು. ಆಗ ನಿನ್ನ ಕೆಪಾಸಿಟರ್ ಪ್ಲಗ್ಗಿನೊಳಗೆ ಇದ್ದೂ ಇಲ್ಲದ ಹಾಗೆ. ಎಲ್ಲ ಬೇಸೂ ಒಳಗೆ ಹೋಗುತ್ತದೆ, ಪೆಟ್ಟಿಗೆ ಅದರ ಮೇಲೆ ತನ್ನದನ್ನೂ ಸುರಿಯುತ್ತದೆ.

ಉತ್ತರ ಬರೆ. ಒಂದು ಸಾಲಾದರೂ ಸಾಕು.

ವೆಲ್ಲಿಂಗಿರಿ


ಆರ್.ಎಸ್. ಪುರಂ
15-10-1986

ಸೌಡಾ,

ಪತ್ರವಿಲ್ಲ. ಹಬ್ಬದ ಹಿಂದಿನ ದಿನ ಟ್ಯಾಕ್ಸಿಯಲ್ಲಿ ಬಂದಿದ್ದೆ. ಊರ ಬಾಯಿಯಲ್ಲೇ ಕಂದಸಾಮಿ ಮತ್ತು ಅವನ ಜೊತೆಯವರು ಕಾರನ್ನು ನಿಲ್ಲಿಸಿ ದೊಣ್ಣೆಯಿಂದ ಮುಂದಿನ ದೀಪ ಒಡೆದರು. ಡ್ರೈವರ್ ಹೆದರಿ ತಿರುಗಿಸಿಬಿಟ್ಟ. ನಾನು ಇಳಿದು ನಡೆದು ಬರಬೇಕಾಗಿತ್ತು. ಬರಲಿಲ್ಲ.

ಇವತ್ತು ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಬೀದಿಯ ಬೆಳ್ಳಿಯಪ್ಪ ಸಿಕ್ಕ. ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. "ನಿಮ್ಮ ಮನೆ ಹೆಣ್ಣಿನ ಮೈಮೇಲೆ ತಾಯಿ ಇಳಿದಳು" ಎಂದ. ಕಂದಸಾಮಿ ಆಸ್ಪತ್ರೆಯಲ್ಲಿದ್ದಾನಂತೆ, ನಿನ್ನ ಕೈಗೆ ಕತ್ತಿ ಬಿದ್ದಿದೆಯಂತೆ. ಕುಟ್ಟಿ? ಎಂದೆ. "ಅಮ್ಮನ ಮಡಿಲಲ್ಲಿ" ಎಂದ. ಯಾವ ಅಮ್ಮ ಎಂದು ಕೇಳುವಷ್ಟರಲ್ಲಿ ಅವನ ಬಸ್ಸು ಹೊರಟಿತ್ತು.

ತಿರುಪ್ಪೂರಿನಿಂದ ವಾಲ್ವ್ ಸೆಟ್ ತಂದಿದ್ದರು ಎಂದೂ ಅವನೇ ಹೇಳಿದ. ಅಷ್ಟು ಸಾಕು, ಏನಾಯಿತೆಂದು ನನಗೆ ಗೊತ್ತಾಯಿತು. ದೇವಿಯೂ ಅಲ್ಲ, ದೆವ್ವವೂ ಅಲ್ಲ.

ಮಗು ಉಸಿರಾಡುತ್ತಿದೆ ಎಂದು ಬರೆ.

ವೆಲ್ಲಿಂಗಿರಿ


ಕುನ್ನತ್ತೂರು
20-10-1986

ಅಣ್ಣ,

ಕುಟ್ಟಿಗೆ ಒಂದು ಗೀರೂ ಇಲ್ಲ. ಮೊದಲು ಅದನ್ನು ಓದಿಕೋ.

ಇದು ಎಡಗೈ ಅಕ್ಷರ. ಮೂರು ದಿನದಿಂದ ಸ್ವಲ್ಪ ಸ್ವಲ್ಪ ಬರೆಯುತ್ತಿದ್ದೇನೆ.

ಟ್ರಾಕ್ಟರಿನ ಮೇಲೆ ಪೆಟ್ಟಿಗೆ ಏರಿಸಿದಾಗಲೂ ನಮ್ಮ ಆಂಪ್ಲಿಫೈಯರೇ ಇತ್ತು. ಗುಡಿಯ ಮುಂದೆ ಸಾಲು ನಿಂತ ಮೇಲೆ ನೋಡುತ್ತೇನೆ, ಗಾಜಿನ ವಾಲ್ವುಗಳು ಕೆಂಪಗೆ ಉರಿಯುತ್ತಿವೆ. ಓಡಿಹೋಗಿ ಹೇಳಿದೆ. "ಇಂದಾಂಗ, ಇಲ್ಲಿ ಕೇಳಿ, ಇದು ಬೇಡ, ಹಳೇದನ್ನೇ ಹಾಕಿ, ಏಟು ಕೇಳಿಸಲ್ಲ."

"ಹಬ್ಬದ ದಿನ ಅಪಶಕುನ ಮಾತಾಡ್ತೀಯಾ? ಹೋಗು, ಹೆಂಗಸರ ಕಡೆ ನಿಲ್ಲು" ಎಂದು ನನ್ನ ಸೊಂಟದಿಂದ ಕುಟ್ಟಿಯನ್ನು ಕಿತ್ತುಕೊಂಡರು. ಬಿಡಲಿಲ್ಲ ನಾನು. ಅತ್ತೆ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಲಿಂಗಸಾಮಿ ಬಾರಿಸಿದ. ದಂ ಎಂದದ್ದು ಮುಗಿಯಲೇ ಇಲ್ಲ. ಅದರ ಮೇಲೆ ಇನ್ನೊಂದು ಬಿತ್ತು, ಅದರ ಮೇಲೆ ಮತ್ತೊಂದು. ಅವನ ಕೈ ಏಳುವುದು ಬೀಳುವುದು ಕಾಣುತ್ತಿತ್ತು, ಕಿವಿಗೆ ಮಾತ್ರ ಒಂದೇ ಗುಡುಗು. ಎದೆಯ ಮೂಳೆ ಅದುರುತ್ತಿತ್ತು. ಒಟ್ಟಿಗೆ ಇಳಿಯಬೇಕಾದ ಕತ್ತಿಗಳು ಹಿಂದೆ ಮುಂದೆ ಆದವು. ಕಂದಸಾಮಿಯ ಕತ್ತಿ ಬಿದ್ದ ಜಾಗಕ್ಕೇ ಮತ್ತೆ ಬಿತ್ತು. ಮಣಿಕಟ್ಟಿನಲ್ಲಿ ಮೊದಲು ಬಿಳಿ ಕಾಣಿಸಿತು, ಆಮೇಲೆ ರಕ್ತ ಚಿಮ್ಮಿ ಪಕ್ಕದವನ ಮುಖಕ್ಕೆ ಬಡಿಯಿತು. ಯಾರೂ ನಿಲ್ಲಿಸಲಿಲ್ಲ. ತಾಯಿ ತಗೊಂಡಳು, ತಾಯಿ ತಗೊಂಡಳು ಎಂದು ಎಲ್ಲರೂ ಇನ್ನಷ್ಟು ಜೋರಾಗಿ ಕೂಗಿದರು. ರಕ್ತ ಕಂಡಷ್ಟೂ ಕೈಗಳು ಬೀಸುತ್ತಿದ್ದವು.

ಇವರು ಸಾಲಿನ ಮುಂದೆ. ಎಡಗೈಯಲ್ಲಿ ಕುಟ್ಟಿ. ಕತ್ತಿ ಮೇಲಿತ್ತು, ಕಣ್ಣು ಏಟನ್ನು ಹುಡುಕುತ್ತಿತ್ತು. ಸಿಗಲಿಲ್ಲ. ಸಿಗದಿದ್ದರೂ ಇಳಿಸಿದರು.

ಹೆಂಗಸರು ಕಾಲಿಡದ ಆ ಸಾಲಿನೊಳಗೆ ನಾನು ಯಾವಾಗ ನುಗ್ಗಿದೆನೋ ಗೊತ್ತಿಲ್ಲ. ಕತ್ತಿ ನನ್ನ ಬಲ ಮುಂಗೈಗೆ ಬಿತ್ತು. ಮೂಳೆಗೆ ತಾಗಿದ ಸದ್ದು ಆ ಗುಡುಗಿನಲ್ಲೂ ನನಗೆ ಕೇಳಿಸಿತು. ಕುಟ್ಟಿಯನ್ನು ಎಡಗೈಗೆ ಎಳೆದುಕೊಂಡು ಟ್ರಾಕ್ಟರಿಗೆ ಹೋಗಿ, ರಕ್ತದ ಕೈಯಲ್ಲೇ ಪ್ಲಗ್ ಕಿತ್ತೆ.

ಎಂಥ ಮೌನ ಅಣ್ಣ. ಡೋಲು ಕೂಡ ನಿಂತಿತ್ತು. ಎಲ್ಲರ ಕತ್ತಿಯೂ ನನ್ನ ಕಡೆಗೆ ತಿರುಗಿತ್ತು. ಇವರು, "ಸಾಲು ಮೈಲಿಗೆ ಮಾಡ್ದೆಯಲ್ಲೇ!" ಎಂದು ಕತ್ತಿ ಹಿಡಿದೇ ನನ್ನ ಮೇಲೆ ಬಂದರು. ಗುರುಸಾಮಿಯವರು ಅಡ್ಡ ಬಂದು ಕೈ ಮುಗಿದು ಕೇಳಿದರು, "ಯಾರಮ್ಮಾ ನೀನು? ಬಂದಿರೋದು ಯಾರು, ಸೊಲ್ಲು, ಹೇಳು ತಾಯೇ."

ಮೈಮೇಲೆ ಬಂದವರನ್ನು ಕೇಳುವ ಪ್ರಶ್ನೆ ಅದು. ದೇವರಾಜನ ಹೆಂಡತಿ ಎಂದರೆ ಇವರ ಕತ್ತಿ ನನ್ನ ಮೇಲೆ ಇಳಿಯುತ್ತಿತ್ತು, ಹರಕೆ ಹಾಗೇ ಉಳಿಯುತ್ತಿತ್ತು. ನನ್ನ ಕೂದಲು ಹೇಗೂ ಬಿಚ್ಚಿತ್ತು.

"ನಾನು ಸೌಡಿ ಬಂದಿದ್ದೀನಿ ಕಣೋ, ಗುಡಿ ಬಿಟ್ಟು ಬಂದಿದ್ದೀನಿ" ಎಂದೆ. ನನ್ನ ದನಿ ಎಲ್ಲಿಂದ ಬಂತೋ. "ಹೆತ್ತವಳ ರಕ್ತ ತಗೊಂಡೆ, ಹರಕೆ ತೀರ್ತು. ಈ ಮಗೂನ ಇನ್ನು ಯಾವನಾದ್ರೂ ಕತ್ತಿ ಮುಂದೆ ತಂದ್ರೆ ಅವನ ವಂಶ ಉಳಿಸಲ್ಲ." ಆಮೇಲೆ ಇವರ ಕೆನ್ನೆಗೆ ಹೊಡೆದೆ, ಮುರಿದ ಕೈಯಲ್ಲೇ. ನನ್ನ ರಕ್ತ ಇವರ ಮುಖದ ಮೇಲೆ ಕೈ ಅಚ್ಚಿನ ಹಾಗೆ ಕೂತಿತು.

ಇವರು ಮೊಣಕಾಲೂರಿದರು. ಬೀದಿಗೆ ಬೀದಿಯೇ ಮೊಣಕಾಲೂರಿತು.

ಬಲಗೈಯ ಮೂರು ಬೆರಳು ಮಡಚುತ್ತಿಲ್ಲ.

ಸೌಡಾ


ಆರ್.ಎಸ್. ಪುರಂ
23-10-1986

ಸೌಡಾ,

ನಿನ್ನ ಪತ್ರವನ್ನು ಅಂಗಡಿ ಮುಚ್ಚಿ ಓದಿದೆ.

ಇದು ಹೀಗೇ ಉಳಿಯಬಾರದು. ನೀನು ಜೀವಮಾನವೆಲ್ಲ ಕೂದಲು ಬಿಚ್ಚಿಕೊಂಡು ನಟಿಸುತ್ತೀಯಾ? ನಾನು ಎರಡೂ ಆಂಪ್ಲಿಫೈಯರುಗಳನ್ನು ತರುತ್ತೇನೆ. ಲಿಂಗಸಾಮಿ ಬಾರಿಸಲಿ. ಒಂದರಲ್ಲಿ ಏಟು ಕೇಳಿಸುತ್ತದೆ, ಇನ್ನೊಂದರಲ್ಲಿ ಕೇಳಿಸುವುದಿಲ್ಲ. ಅವರೇ ಕೇಳಿ ತಿಳಿಯಲಿ. ತಪ್ಪು ಕೆಪಾಸಿಟರಿನದು, ಹಟಕ್ಕೆ ಬಿದ್ದು ಸೆಟ್ ಬದಲಾಯಿಸಿದವನದು. ಕಂದಸಾಮಿಯ ಕೈ ಹೋದದ್ದು ದೇವಿಯ ಇಷ್ಟದಿಂದ ಅಲ್ಲ ಎಂದು ಅವನ ಹೆಂಡತಿಗಾದರೂ ಗೊತ್ತಾಗಬೇಡವೇ? ಗುರುಸಾಮಿಯವರಿಗೆ ತಮಿಳಿನಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದೇನೆ. ನೀನು ಹೂಂ ಎಂದರೆ ಅಂಚೆಗೆ ಹಾಕುತ್ತೇನೆ.

ನಿಜ ಹೇಳಿದರೆ ಸಾಕು ಸೌಡಾ. ನೀನು ಓದಿದವಳು.

ವೆಲ್ಲಿಂಗಿರಿ


ಕುನ್ನತ್ತೂರು
27-10-1986

ಅಣ್ಣ,

ಹಾಕಬೇಡ. ಅದನ್ನು ಒಲೆಗೆ ಹಾಕು.

ನೀನು ಬರೆದಿರುವುದರಲ್ಲಿ ಸುಳ್ಳಿಲ್ಲ. ಅದಕ್ಕೇ ನನಗೆ ಭಯ. ತಪ್ಪು ಕೆಪಾಸಿಟರಿನದು ಎಂದರೆ ಏನಾಗುತ್ತದೆ, ಯೋಚಿಸು. ಬರುವ ವರ್ಷ ಸರಿಯಾದ ಕೆಪಾಸಿಟರ್ ಹಾಕಿಸುತ್ತಾರೆ. ನಿನ್ನ ಹತ್ತಿರವೇ ಬಂದು, ಕಾಲು ಹಿಡಿದು ಹಾಕಿಸುತ್ತಾರೆ. ಏಟು ಮೊಳೆ ಹೊಡೆದ ಹಾಗೆ ಕೇಳಿಸುತ್ತದೆ. ಕುಟ್ಟಿಯನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ನೀನು ಸರಿಮಾಡಬಲ್ಲ ತಪ್ಪಿನಿಂದ ನನ್ನ ಮಗು ಉಳಿಯುವುದಿಲ್ಲ ಅಣ್ಣ. ದೇವಿ ಬೇಡ ಎಂದಳು ಎಂದರೆ ಅಲ್ಲಿಗೆ ಮುಗಿಯಿತು.

ಕಂದಸಾಮಿಯ ಹೆಂಡತಿ ಕಾಳಿಯಮ್ಮ ಹೋದ ಶುಕ್ರವಾರ ಬಂದಿದ್ದಳು. ಈಗ ಶುಕ್ರವಾರ ಎಲ್ಲರೂ ದೇವಿಯನ್ನು ಕೇಳಲು ನನ್ನ ಹತ್ತಿರ ಬರುತ್ತಾರೆ. "ತಾಯೇ, ನನ್ನ ಗಂಡ ಇನ್ನು ಲಾಳಿ ಹಿಡಿತಾನಾ?" ಎಂದಳು. ಇಲ್ಲಿನ ಆಸ್ಪತ್ರೆಯಿಂದ ಬಂದ ಮೇಲೆ ಹಚ್ಚಿದ ನಾಟಿ ಮದ್ದಿನಿಂದ ಅವನ ಕೈ ಕೀವು ಕಟ್ಟಿದೆ, ವಾಸನೆ ಬರುತ್ತಿದೆ. ಕೋಯಮತ್ತೂರಿನ ದೊಡ್ಡ ಆಸ್ಪತ್ರೆಗೆ ಈಗಲೇ ಹೊರಡು ಎಂದೆ. ಅದೇ ಗಳಿಗೆಗೆ ಹೊರಟರು. ಅದೇ ಮಾತನ್ನು ಹಿಂದಿನ ದಿನ ಅಡುಗೆಮನೆಯಲ್ಲಿ ಹೇಳಿದ್ದೆ. "ಸುಮ್ಮ ಇರಕ್ಕಾ, ನಿನಗೇನು ಗೊತ್ತು" ಎಂದಿದ್ದಳು. ಅವಳಿಗೆ ನಿಜ ಹೇಳದ ಭಾರ ನನ್ನ ಮೇಲೆ ಇರಲಿ.

ಇವರು ಕೊಟ್ಟಿಗೆಯಲ್ಲಿ ಮಲಗುತ್ತಾರೆ. ನನ್ನನ್ನು ನೀವು ಎನ್ನುತ್ತಾರೆ. ಕುಟ್ಟಿಯನ್ನು ಮುಟ್ಟುವ ಮೊದಲು ನನ್ನ ಮುಖ ನೋಡುತ್ತಾರೆ. ಒಮ್ಮೊಮ್ಮೆ ಆ ಕಣ್ಣಲ್ಲಿ ಭಕ್ತಿ ಇರುವುದಿಲ್ಲ, ಅನುಮಾನ ಇರುತ್ತದೆ. ಇವರಿಗೆ ಗೊತ್ತಾದ ದಿನ ನನ್ನನ್ನು ಕೊಲ್ಲುತ್ತಾರೆ.

ಅದಕ್ಕೇ ನೀನು ಬರಬೇಕು. ದೀಪಾವಳಿ ಸೀರು, ತವರಿನ ಉಡುಗೊರೆ, ಕೊಡುವ ನೆಪದಲ್ಲಿ ಈ ಶುಕ್ರವಾರವೇ ಬಾ. ಈ ಸಲ ಕಾರನ್ನು ಯಾರೂ ತಡೆಯುವುದಿಲ್ಲ. ತಂಗಿಯ ಮೈಮೇಲೆ ದೇವಿ ಬಂದರೂ ಓದಿದ ಅಣ್ಣ ಈ ಕಡೆ ತಲೆ ಹಾಕಲಿಲ್ಲವಲ್ಲ ಎಂದು ಅತ್ತೆ ಆಗಲೇ ಎರಡು ಮನೆಯಲ್ಲಿ ಮಾತು ತೆಗೆದಿದ್ದಾರೆ. ಎಲ್ಲರ ಮುಂದೆ ನೀನು ನನ್ನ ಕಾಲಿಗೆ ಬೀಳಬೇಕು. ಹಣೆ ನೆಲಕ್ಕೆ ತಾಗಬೇಕು. ಓದಿದ ನೀನೇ ನಂಬಿದೆ ಎಂದರೆ ಇವರ ಅನುಮಾನವೂ ಅಲ್ಲಿಗೆ ಸಾಯುತ್ತದೆ. ಹೋದ ಹಲ್ಲಿನ ಮಾತು ಬೇಡ, ಪೆಟ್ಟಿಗೆಯ ಮಾತೂ ಬೇಡ.

ನಾನು ನಿನ್ನ ತಲೆಯ ಮೇಲೆ ಎಡಗೈ ಇಡುತ್ತೇನೆ. ಆಗ ಕಣ್ಣೆತ್ತಿ ನೋಡಬೇಡ ಅಣ್ಣ. ನೀನು ನೋಡಿದರೆ ನಾನು ಅತ್ತುಬಿಡುತ್ತೇನೆ.

ಸೌಡಾ